ಅಪ್ಪನ ಜಾಗಕ್ಕೆ ಬಂದವರು

ಹೋದ ತಿಂಗಳು ಅವರು ತೀರಿಕೊಂಡರು. ವಯಸ್ಸು ಎಂಬತ್ತು ದಾಟಿತ್ತು. ಪತ್ರಿಕೆಯ ಒಳಪುಟದಲ್ಲಿ ಹಳೆಯ ಫೋಟೋ ಒಂದನ್ನು ಹಾಕಿ, ಅದರ ಕೆಳಗೆ ‘ಮಾಜಿ ಶಾಸಕ, ಬಸ್ಸು ಮಾಲಕ’ ಎಂದಷ್ಟೇ ಬರೆದಿದ್ದರು. ಯಾವಾಗ ಶಾಸಕರಾಗಿದ್ದರು, ಎಷ್ಟು ಕಾಲ ಇದ್ದರು ಎಂಬುದು ಇರಲಿಲ್ಲ. ಬರೆದವರಿಗೂ ಗೊತ್ತಿರಲಾರದು. ಅವರು ಪೂರ್ತಿ ಐದು ವರ್ಷ ಶಾಸಕರಾಗಿದ್ದವರಲ್ಲ. ಅರವತ್ತರ ದಶಕದಲ್ಲಿ, ಒಂದು ಚುನಾವಣೆಗೂ ಇನ್ನೊಂದಕ್ಕೂ ನಡುವೆ, ಬೇರೆಯವರ ಅವಧಿಯಲ್ಲಿ ಉಳಿದಷ್ಟು ಕಾಲ ಮಾತ್ರ ವಿಧಾನಸಭೆಯಲ್ಲಿ ಕೂತವರು. ಆ ಬೇರೆಯವರು ನನ್ನ ಅಪ್ಪ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಹೇಳಿದ್ದೇ ಇಲ್ಲ. ಅಪ್ಪನ ಎದುರು ಅವರು ಚುನಾವಣೆಗೆ ನಿಂತ ವರ್ಷ ಅಮ್ಮ ಅವರನ್ನು ‘ಆಚೆಯವರು’ ಎಂದು ಕರೆಯಲು ಶುರುಮಾಡಿದರು. ಎದುರಾಳಿಯ ಹೆಸರು ಬಾಯಲ್ಲಿ ಬರಬಾರದು ಎಂಬ ಯಾವುದೋ ನಂಬಿಕೆ ಇದ್ದಿರಬೇಕು. ಆಮೇಲೆ ಅವರು ನಮಗೆ ಎಷ್ಟೋ ಹತ್ತಿರದವರಾದರೂ ಆ ಹೆಸರು ಬದಲಾಗಲಿಲ್ಲ. ನನ್ನ ಮಕ್ಕಳು ಕೂಡ ‘ಆಚೆ ಅಜ್ಜ’ ಎಂದೇ ಕರೆದರು.

ಅಪ್ಪ ಬಂಟ್ವಾಳದ ಕೋರ್ಟಿನಲ್ಲಿ ವಕೀಲರು. ನಮ್ಮ ಮನೆ ವಾಮದಪದವಿನಿಂದ ಒಳಗೆ, ಗುಡ್ಡದ ಬದಿಯ ಒಂದು ಹಳ್ಳಿಯಲ್ಲಿ. ಅವರ ಮನೆ ಬಂಟ್ವಾಳ ಪೇಟೆಯಲ್ಲಿ. ಯುದ್ಧದ ಕಾಲದಲ್ಲಿ ಇದ್ದಿಲು ಗ್ಯಾಸಿನ ಬಸ್ಸಿಗೆ ಡ್ರೈವರಾಗಿದ್ದು, ಆಮೇಲೆ ಒಂದು ಬಸ್ಸು ಕೊಂಡು, ನಂತರ ಇನ್ನೊಂದು ಮಾಡಿಕೊಂಡು ಬಂಟ್ವಾಳದಿಂದ ಮೂಡುಬಿದಿರೆಗೆ ಓಡಿಸುತ್ತಿದ್ದರು. ಎಲ್ಲರೂ ಅವರನ್ನು ಧಣಿಗಳು ಎನ್ನುತ್ತಿದ್ದರು. ನನ್ನ ಮಾವ, ಅಂದರೆ ಅಮ್ಮನ ಅಣ್ಣ ಮಾತ್ರ ಕೊನೆಯವರೆಗೂ ‘ಆ ಡ್ರೈವರು’ ಎಂದೇ ಹೇಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಒಮ್ಮೆ ಯಾರೋ ಅದನ್ನು ಎತ್ತಿ ಹೇಳಿದಾಗ, ‘ಅವರು ಹೇಳುವುದರಲ್ಲಿ ಸುಳ್ಳು ಎಲ್ಲುಂಟು?’ ಎಂದರಂತೆ.

ಅಪ್ಪನಿಗೂ ಅವರಿಗೂ ಪರಿಚಯವಾದದ್ದು ಕೋರ್ಟಿನಲ್ಲಿ. ಅವರ ಬಸ್ಸು ಯಾರದೋ ಎಮ್ಮೆಗೆ ಹೊಡೆದಿತ್ತು. ಅಪ್ಪ ಎಮ್ಮೆಯವನ ಪರ ವಕೀಲರು. ಕಟಕಟೆಯಲ್ಲಿ ಅವರನ್ನು ಅಪ್ಪ ಚೆನ್ನಾಗಿಯೇ ಆಡಿಸಿದರಂತೆ, ಕೇಸನ್ನು ಗೆದ್ದರಂತೆ. ಮುಂದಿನ ವರ್ಷ ಅವರಿಗೇ ಒಂದು ವ್ಯಾಜ್ಯ ಬಂದಾಗ ನೇರವಾಗಿ ಅಪ್ಪನ ಆಫೀಸಿಗೆ ಬಂದು ಕೂತರು. ನನ್ನನ್ನು ಅಷ್ಟು ಜನರ ಮುಂದೆ ಬೆವರಿಸಿದ ವಕೀಲರು ಇರುವಾಗ ಬೇರೆಯವರ ಹತ್ತಿರ ಯಾಕೆ ಹೋಗಲಿ ಎಂದು ಕೇಳಿದರಂತೆ. ಇದನ್ನು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳಿ ನಗುತ್ತಿದ್ದರು.

ಚುನಾವಣೆಗೆ ಇಬ್ಬರೂ ಎದುರೆದುರು ನಿಂತಾಗ ನಾನು ಮೂಡುಬಿದಿರೆಯಲ್ಲಿ ಹೊಸದಾಗಿ ಶಾಲೆಗೆ ಸೇರಿದ ಟೀಚರು. ಒಂದು ಭಾನುವಾರ ಬೆಳಿಗ್ಗೆ ಅವರು ವೋಟು ಕೇಳುತ್ತ ನಮ್ಮ ಊರಿಗೆ ಬಂದರು. ಪ್ರತಿಯೊಂದು ಮನೆಗೂ ಹೋದರು. ನಮ್ಮ ಮನೆಗೂ ಬಂದರು. ಜೊತೆಯಲ್ಲಿದ್ದವರು ಅಂಗಳದ ಆಚೆಯೇ ನಿಂತು ಮುಸಿಮುಸಿ ನಗುತ್ತಿದ್ದರು. ಅವರು ಮಾತ್ರ ಚಪ್ಪಲಿ ಬಿಟ್ಟು ಜಗಲಿ ಹತ್ತಿದರು. ಅಪ್ಪ ಬೆಲ್ಲ, ನೀರು ತರಿಸಿ ಕೊಟ್ಟರು. ಅವರು ನೀರು ಕುಡಿದು, ಅಪ್ಪನನ್ನು ಬಿಟ್ಟು, ಬಾಗಿಲ ಹತ್ತಿರ ನಿಂತಿದ್ದ ಅಮ್ಮನಿಗೆ ಕೈ ಮುಗಿದರು. ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಕ್ಕಾ, ನಿಮ್ಮ ವೋಟು ಯಾರಿಗೆ ಅಂತ ನನಗೆ ಗೊತ್ತುಂಟು. ಆದರೆ ಊರಿನ ಎಲ್ಲ ಮನೆಗೆ ಹೋಗಿ ನಿಮ್ಮ ಮನೆ ಒಂದನ್ನು ಬಿಟ್ಟರೆ ಮರ್ಯಾದೆ ಅಲ್ಲ. ಅದಕ್ಕೆ ಕೇಳ್ತಾ ಇದ್ದೇನೆ.”

ಅಮ್ಮ ಅಪ್ಪನ ಮುಖ ನೋಡಿದರು. ಅಪ್ಪ ನಗು ತಡೆಯಲಾರದೆ ಎಲೆಯಡಿಕೆಯ ತಟ್ಟೆಯನ್ನು ಅವರ ಕಡೆಗೆ ಸರಿಸಿದರು. ಅವರು ಬೆಂಚಿನ ಹಲಗೆಯನ್ನು ಎರಡು ಸಲ ತಟ್ಟಿ, ‘ರೈಟ್, ಹೋಗುವ’ ಎಂದು ಎದ್ದರು. ಮಾತು ಮುಗಿಸುವಾಗ ಹತ್ತಿರ ಯಾವ ಹಲಗೆ ಇದ್ದರೂ ಹಾಗೆ ತಟ್ಟುವುದು ಅವರ ಅಭ್ಯಾಸ. ಕಂಡಕ್ಟರು ಬಸ್ಸಿನ ಬದಿಗೆ ಬಡಿದು ಹೊರಡಿಸಿದ ಹಾಗೆ.

ಅಪ್ಪ ಗೆದ್ದರು. ಗೆಲ್ಲಲು ಮುಖ್ಯ ಕಾರಣ ಆಸ್ಪತ್ರೆ. ನಮ್ಮ ಗುಡ್ಡದ ಬದಿಯ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಬಿದಿರು ಕಟ್ಟಿ, ನಾಲ್ಕು ಜನ ಹೊತ್ತು ಮಾರ್ಗದವರೆಗೆ ತರಬೇಕು. ಅಲ್ಲಿಂದ ಬಸ್ಸು ಸಿಕ್ಕಿದರೆ ಬಂಟ್ವಾಳ, ಇಲ್ಲವಾದರೆ ಅಲ್ಲೇ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮಗಳು ಹಾಗೆ ಮಾರ್ಗದ ಬದಿಯಲ್ಲೇ ಹೋದದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದರು. ನಮ್ಮ ಊರಿನ ಪದವಿನಲ್ಲಿ, ಆ ಬಯಲು ಕಲ್ಲುಗುಡ್ಡದ ಮೇಲೆ, ಹೆರಿಗೆಯ ವ್ಯವಸ್ಥೆ ಇರುವ ಒಂದು ಆಸ್ಪತ್ರೆ ಮಾಡಿಸುತ್ತೇನೆ ಎಂದು ಅವರು ಪ್ರತಿ ಸಭೆಯಲ್ಲೂ ಹೇಳಿದ್ದರು. ಗೆದ್ದು ಹೋದ ಮೇಲೆ ವಿಧಾನಸಭೆಯಲ್ಲೂ ಕೇಳಿದರು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬರುತ್ತಿತ್ತು. ಅಪ್ಪನಿಗೆ ಅದರ ಬಗ್ಗೆ ಬೇಸರ ಇತ್ತು. ಇನ್ನೂ ಕಾಲ ಉಂಟಲ್ಲ ಎನ್ನುತ್ತಿದ್ದರು.

ಕಾಲ ಇರಲಿಲ್ಲ. ಮಳೆಗಾಲದ ಅಧಿವೇಶನಕ್ಕೆ ಹೋದವರು, ಬೆಂಗಳೂರಿನ ಶಾಸಕರ ಭವನದ ಕೋಣೆಯಲ್ಲಿ ಬೆಳಿಗ್ಗೆ ಸಭೆಗೆ ಹೊರಡಲು ಅಂಗಿಯ ಗುಂಡಿ ಹಾಕುತ್ತಿದ್ದಾಗ ಎದೆ ಹಿಡಿದುಕೊಂಡು ಕೂತರಂತೆ. ಆಮೇಲೆ ಏಳಲಿಲ್ಲ.

ತಂತಿ ಬಂದದ್ದು ಬಂಟ್ವಾಳದ ಅಂಚೆ ಕಚೇರಿಗೆ. ನಮ್ಮ ಮನೆಗೆ ತಂತಿ ತರುವವನು ಬಸ್ಸಿನಲ್ಲಿ ಬಂದು, ಆಮೇಲೆ ಒಳಗಿನ ದಾರಿಯಲ್ಲಿ ನಡೆಯಬೇಕು. ಅಲ್ಲಿನ ಗುಮಾಸ್ತರಿಗೆ ಅಂಥ ಸುದ್ದಿಯನ್ನು ಹಾಗೆ ಕಳಿಸಲು ಮನಸ್ಸಾಗಲಿಲ್ಲ. ಎದುರಿನ ಬಸ್ ಸ್ಟ್ಯಾಂಡಿನಲ್ಲಿದ್ದ ಅವರನ್ನು ಕರೆದು ಹೇಳಿದರು. ಅವರು ಅಲ್ಲಿಂದಲೇ ತಮ್ಮ ಕಾರು ತೆಗೆದುಕೊಂಡು ನಮ್ಮ ಮನೆಗೆ ಬಂದರು. ಜೋರು ಮಳೆ. ಕೊಡೆ ಹಿಡಿಯದೆ ಅಂಗಳ ದಾಟಿ ಬಂದದ್ದನ್ನು ಕಂಡಾಗಲೇ ಅಮ್ಮನಿಗೆ ಗೊತ್ತಾಯಿತು. ಅವರು ಸುತ್ತಿ ಬಳಸಿ ಹೇಳಲಿಲ್ಲ. ಹೇಳಿ, ಅಮ್ಮ ಕೆಳಗೆ ಕೂತಾಗ ತಾವೂ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಮಾವನನ್ನು ಹೊರಗೆ ಕರೆದು, ನೀವು ಕಾರಿಗೆ ಹತ್ತಿ, ನಾವು ಹೋಗಿ ತರುವ ಎಂದರು. ಬೇರೆ ಡ್ರೈವರನ್ನು ಕರೆಯಲಿಲ್ಲ. ತಾವೇ ಓಡಿಸಿದರು.

ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಬೇಕು. ಹೋಗುವಾಗ ದಾರಿ ಸರಿ ಇತ್ತಂತೆ. ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುವಾಗ ಘಾಟಿಯ ಒಂದು ತಿರುವಿನಲ್ಲಿ ಗುಡ್ಡ ಕುಸಿದು ಮಣ್ಣು ಮಾರ್ಗಕ್ಕೆ ಬಿದ್ದಿತ್ತು. ಹಿಂದೆ ಹೋಗಿ ಕೊಟ್ಟಿಗೆಹಾರದಲ್ಲಿ ಉಳಿಯೋಣವೆಂದು ಮಾವ ಹೇಳಿದರು. ಮನೆಯಲ್ಲಿ ಅಕ್ಕ ಕಾಯುತ್ತಾರೆ ಎಂದು ಅವರು ಒಪ್ಪಲಿಲ್ಲ. ಅಲ್ಲಿ ಸಿಕ್ಕಿಬಿದ್ದಿದ್ದ ಲಾರಿಯವರಿಂದ ಹಾರೆ, ಬುಟ್ಟಿ ತೆಗೆದುಕೊಂಡು, ಲಾರಿಯವರ ಜೊತೆ ಸೇರಿ ಮಣ್ಣು ಎತ್ತಿದರು. ಒಂದು ಕಾರು ಹೋಗುವಷ್ಟು ಜಾಗ ಆದ ಕೂಡಲೇ, ಪ್ರಪಾತದ ಬದಿಯಲ್ಲಿ ಚಕ್ರವನ್ನು ಅಂಚಿಗೆ ತಂದು ದಾಟಿಸಿದರು. ಮಾವ ಕಣ್ಣು ಮುಚ್ಚಿ ಕೂತಿದ್ದರಂತೆ. ಅವರನ್ನು ಎಂದೂ ಹೊಗಳದ ಮಾವನೇ ಇದನ್ನು ಹೇಳಿದ್ದು, ಅದೂ ಎಷ್ಟೋ ವರ್ಷಗಳ ನಂತರ.

ಮರುದಿನ ಮಧ್ಯಾಹ್ನ ಕಾರು ಬಂತು. ಅವರ ಪಂಚೆ, ಅಂಗಿ ಎಲ್ಲ ಕೆಸರು. ಅಮ್ಮನ ಎದುರು ಬಂದು ನಿಂತು, “ಅಕ್ಕಾ, ಕರ್ಕೊಂಡು ಬಂದಿದ್ದೇನೆ” ಎಂದರು. ಹೆಣ ತಂದಿದ್ದೇನೆ ಎನ್ನಲಿಲ್ಲ. ಆ ಒಂದು ಮಾತು ಅಮ್ಮನ ಮನಸ್ಸಿನಲ್ಲಿ ಕೊನೆಯವರೆಗೂ ಇತ್ತು.

ಸೀಟು ಖಾಲಿಯಾಯಿತು. ಉಪಚುನಾವಣೆ ಬರುತ್ತದೆ ಎಂದಾಯಿತು. ಅಪ್ಪನ ಪಕ್ಷದವರು ಎರಡು ಕಾರುಗಳಲ್ಲಿ ಬಂದು, ಅಮ್ಮ ನಿಂತರೆ ಜನ ಕಣ್ಣು ಮುಚ್ಚಿ ವೋಟು ಹಾಕುತ್ತಾರೆ ಎಂದರು. ಅಮ್ಮನನ್ನು ಕೇಳದೆಯೇ ಮಾವ, ಅವಳು ನಿಲ್ಲುತ್ತಾಳೆ, ಮಾತಾಡುವುದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿಬಿಟ್ಟರು. ಅಮ್ಮ ಐದನೇ ಕ್ಲಾಸು ಓದಿದವರು. ಮನೆಯಲ್ಲಿ ಮಾವನ ಮಾತಿಗೆ ಎದುರು ಹೇಳಿದ್ದನ್ನು ನಾನು ಕಂಡಿರಲಿಲ್ಲ. ಆ ದಿನಗಳಲ್ಲಿ ಅವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಒಮ್ಮೆ ನನ್ನನ್ನು ಒಳಗೆ ಕರೆದು, ಬೆಂಗಳೂರಿಗೆ ಹೋದರೆ ಆ ಕೋಣೆಯಲ್ಲೇ ಇರಬೇಕಾಗುತ್ತದಾ ಎಂದು ಕೇಳಿದರು.

ಆ ವಾರವೇ ಆಚೆಯವರು ಬಂದರು. ಮಾವ ಜಗಲಿಯಲ್ಲಿ ಆರಾಮಕುರ್ಚಿಯಲ್ಲಿ ಕೂತಿದ್ದರು. ಬಂದವರು ಯಾವಾಗಲಿನ ಹಾಗೆ ಬೆಂಚಿನ ತುದಿಯಲ್ಲಿ ಅರ್ಧ ಕೂತರು. ಅಮ್ಮ ಬಾಗಿಲ ಒಳಗೆ.

“ಅಕ್ಕ ನಿಲ್ಲುವುದಾದರೆ ನಾನು ನಿಲ್ಲುವುದಿಲ್ಲ. ನಮ್ಮ ಪಕ್ಷದವರಿಗೆ ಹೇಳಿ ಬಂದಿದ್ದೇನೆ” ಎಂದರು.

ಮಾವ ನಕ್ಕು, ಹೆದರಿಕೆ ಆಯ್ತಾ ಎಂದರು.

“ಹೆದರಿಕೆ ಅಲ್ಲ. ವಕೀಲರ ಎದುರು ಮಾತಾಡಬಹುದು. ಅಕ್ಕನ ಎದುರು ಮೈಕು ಹಿಡಿದು ಮಾತಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ.”

ಆಗ ಅಮ್ಮ ಹೊರಗೆ ಬಂದರು. ಅಪ್ಪ ಹೋದ ಮೇಲೆ ಅವರು ಜಗಲಿಗೆ ಬಂದದ್ದು ಅದೇ ಮೊದಲು. ಮಾತು ಸ್ಪಷ್ಟವಾಗಿತ್ತು.

“ನಾನು ನಿಲ್ಲುವುದಿಲ್ಲ. ನನಗೆ ಅದು ಗೊತ್ತಿಲ್ಲ. ಆಸೆ ಇರುವುದು ಅಣ್ಣನಿಗೆ. ಅಣ್ಣ ನಿಲ್ಲಲಿ, ನೀವೂ ನಿಲ್ಲಿ. ಯಾರು ಗೆದ್ದರೂ ಆ ಆಸ್ಪತ್ರೆ ಒಂದು ಆಗಬೇಕು.”

ಮಾವನ ಮುಖ ಕೆಂಪಾಯಿತು. ಆಸ್ಪತ್ರೆಯ ಬಗ್ಗೆ, ಭಾವನ ಕನಸಿನ ಬಗ್ಗೆ ಅವರು ದೊಡ್ಡ ಭಾಷಣವನ್ನೇ ಮಾಡಿದರು. ಆಚೆಯವರು ಮಾತ್ರ “ಆಯ್ತು ಅಕ್ಕ” ಎಂದು ಹಲಗೆ ತಟ್ಟಿ ಎದ್ದು ಹೋದರು.

ಮಾವ ನಿಂತರು. ಅಪ್ಪನ ಫೋಟೋಕ್ಕೆ ಹಾರ ಹಾಕಿ ಜೀಪಿನ ಮುಂದೆ ಕಟ್ಟಿಕೊಂಡು ಊರೂರು ತಿರುಗಿದರು. ಅಮ್ಮನಿಗೆ ಅದು ಸಂಕಟವಾಗುತ್ತಿತ್ತು. ವಾಮದಪದವಿನ ಜಂಕ್ಷನ್ನಿನಲ್ಲಿ ನಡೆದ ಆಚೆಯವರ ಸಭೆಯೊಂದರಲ್ಲಿ, ಅವರ ಕಡೆಯ ಒಬ್ಬ ಭಾಷಣಕಾರ ಮೂರು ವರ್ಷ ಬೆಂಗಳೂರಿನಲ್ಲಿ ಕೂತು ವಕೀಲರು ಏನು ಕಡಿದರು ಎಂದು ಶುರುಮಾಡಿದನಂತೆ. ಅವರು ಎದ್ದು ಅವನ ಕೈಯಿಂದ ಮೈಕು ತೆಗೆದುಕೊಂಡರು. ವಕೀಲರು ಕೇಳಿದ್ದನ್ನೇ ಕೇಳಲಿಕ್ಕೆ ನಾನು ಹೋಗುತ್ತಿರುವುದು, ಬೇರೆ ಏನೂ ನನ್ನ ಹತ್ತಿರ ಇಲ್ಲ ಎಂದು ಹೇಳಿ ಸಭೆಯನ್ನು ಅಲ್ಲಿಗೇ ಮುಗಿಸಿದರು. ಅಲ್ಲಿ ಇದ್ದವರೆಲ್ಲ ಈ ಮಾತನ್ನು ಹೇಳಿಕೊಂಡು ಹೋದರು. ಆದರೂ ನಮ್ಮ ಗುಡ್ಡದ ಹಳ್ಳಿಗಳ ವೋಟು ಮಾವನಿಗೇ ಬಿತ್ತು. ಆಚೆಯವರನ್ನು ಗೆಲ್ಲಿಸಿದ್ದು ಪೇಟೆಯವರು ಮತ್ತು ಅಳದಂಗಡಿ ಬದಿಯವರು.

ಶಾಸಕರಾದ ಮೇಲೂ ಅವರು ಬೆಳಿಗ್ಗೆ ಮೊದಲ ಬಸ್ಸು ಹೊರಡುವಾಗ ಸ್ಟ್ಯಾಂಡಿನಲ್ಲಿ ಇರುತ್ತಿದ್ದರು. ದೇವರಂಥ ಮನುಷ್ಯ ಎಂದು ನಾನು ಹೇಳುವುದಿಲ್ಲ. ಸಿಟ್ಟು ಬಂದರೆ ಕಂಡಕ್ಟರನಿಗೆ ಅವರು ಬೈಯುವ ಬೈಗುಳ ಕೇಳಿ ಮುಂದಿನ ಸೀಟಿನ ನಾವು ಹೆಂಗಸರು ಕಿಟಕಿಯ ಹೊರಗೆ ನೋಡಬೇಕಾಗುತ್ತಿತ್ತು. ಹಟವೂ ಹಾಗೆಯೇ. ಬೆಂಗಳೂರಿನಲ್ಲಿ ಅವರ ಕನ್ನಡ ಕೇಳಿ, ಉಂಟು ಉಂಟು ಎನ್ನುತ್ತೀರಲ್ಲ, ಇದೆ ಎನ್ನಬಾರದೇ ಎಂದು ಯಾರೋ ಶಾಸಕರು ಕೇಳಿದರಂತೆ. ‘ಇದೆ ಅಂದರೆ ನನಗೆ ಇದ್ದ ಹಾಗೆ ಆಗುವುದಿಲ್ಲ. ಉಂಟು ಅಂದರೇ ಉಂಟು’ ಎಂದರಂತೆ. ಸದನದಲ್ಲಿ ಮೊದಲ ಸಲ ಮಾತಾಡಿ ಮುಗಿಸುವಾಗ ಅಭ್ಯಾಸಬಲದಿಂದ ಮುಂದಿನ ಮೇಜನ್ನು ಎರಡು ಸಲ ತಟ್ಟಿದರು. ತನ್ನ ಭಾಷಣಕ್ಕೆ ತಾನೇ ಮೇಜು ಕುಟ್ಟಿಕೊಂಡ ಸದಸ್ಯ ಎಂದು ಎಲ್ಲರೂ ನಕ್ಕರು. ಇದನ್ನು ಅವರೇ ನಮ್ಮ ಮನೆಯಲ್ಲಿ ಹೇಳಿದರು. ಅಪ್ಪ ಹೋದ ಮೇಲೆ ಅಮ್ಮ ನಕ್ಕದ್ದನ್ನು ನಾನು ಕಂಡದ್ದು ಆವತ್ತು.

ಆ ನಗುವಿನ ಧೈರ್ಯದಲ್ಲೇ ಇರಬೇಕು, ಅಪ್ಪ ಕೂತುಕೊಳ್ಳುತ್ತಿದ್ದ ಜಾಗವನ್ನು ಒಮ್ಮೆ ನೋಡಬಹುದಾ ಎಂದು ಅಮ್ಮ ಕೇಳಿದರು. ಮುಂದಿನ ಅಧಿವೇಶನಕ್ಕೆ ಹೋಗುವಾಗ ಅವರು ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು. ಚಾರ್ಮಾಡಿಯ ಒಂದು ತಿರುವಿನಲ್ಲಿ ನಿಧಾನ ಮಾಡಿದರು. ಅಮ್ಮನೇ ಇದಾ ಜಾಗ ಎಂದು ಕೇಳಿ, ಕಾರು ನಿಲ್ಲಿಸಿ ಇಳಿದರು. ಗುಡ್ಡ ಜರಿದಲ್ಲಿ ಹುಲ್ಲು ಬೆಳೆದಿತ್ತು. ಅಮ್ಮ ಕೆಳಗಿನ ಪ್ರಪಾತವನ್ನು ನೋಡಿದರು, ಮಾರ್ಗದ ಅಗಲವನ್ನು ನೋಡಿದರು. ಆಮೇಲೆ ಬಂದು ಕೂತು, ಅವರನ್ನು ಉದ್ದೇಶಿಸಿ, ನಿಮ್ಮ ಮನೆಯಲ್ಲಿಯೂ ಹೆಂಡತಿ ಮಕ್ಕಳು ಇದ್ದರಲ್ಲ ಎಂದರು. ಅವರು ಗೇರು ಹಾಕಿ ಹೊರಟರು.

ವಿಧಾನಸಭೆಯ ಗ್ಯಾಲರಿಯಲ್ಲಿ ನಾವು ಮುಂದಿನ ಸಾಲಿನಲ್ಲಿ ಕೂತೆವು. ಅಪ್ಪ ಕೂತಿದ್ದ ಜಾಗವನ್ನು ಅವರು ಮೊದಲೇ ಬಂದು ಕೈ ತೋರಿಸಿ ಹೇಳಿದ್ದರು. ಅದರಲ್ಲಿ ಈಗ ಬೇರೆ ಯಾರೋ ಕೂತಿದ್ದರು. ಇವರ ಜಾಗ ಅದರ ಎದುರು ಬದಿ, ಹಿಂದಿನ ಸಾಲು. ಪ್ರಶ್ನೆಯ ಹೊತ್ತಿನಲ್ಲಿ ಅವರು ಎದ್ದರು. ಶಾಲೆಯ ಪುಸ್ತಕ ಓದಿದಂಥ ನಮ್ಮ ಕಡೆಯ ನಿಧಾನದ ಕನ್ನಡ.

“ಇದು ನನ್ನ ಪ್ರಶ್ನೆ ಅಲ್ಲ. ನನ್ನ ಮೊದಲು ಈ ಕ್ಷೇತ್ರದಿಂದ ಬಂದವರು ಕೇಳಿದ ಪ್ರಶ್ನೆ. ಉತ್ತರ ಸಿಗುವ ಮೊದಲು ಅವರು ತೀರಿಹೋದರು. ಅಲ್ಲಿಂದಲೇ ಮುಂದುವರಿಸುತ್ತೇನೆ.”

ಮಂತ್ರಿಗಳು ಎದ್ದು, ವಿಷಯ ಪರಿಶೀಲನೆಯಲ್ಲಿದೆ ಎಂದರು. ಇವರು ಮತ್ತೆ ಎದ್ದರು. ಕೇಳುವವರು ಬದಲಾದರೂ ಉತ್ತರ ಬದಲಾಗಲಿಲ್ಲ, ನನಗೂ ಇಲ್ಲಿ ಉಳಿದಿರುವುದು ಸ್ವಲ್ಪವೇ ಕಾಲ, ಅಷ್ಟರೊಳಗೆ ಆಗುವುದಿದ್ದರೆ ಹೇಳಿ, ಇಲ್ಲವಾದರೆ ಆಗುವುದಿಲ್ಲ ಎಂದೇ ಹೇಳಿ, ಊರಿನ ಹೆಂಗಸರಿಗೆ ತಿಳಿಸುತ್ತೇನೆ ಎಂದರು. ಮೊದಲು ಕೆಲವರು ನಕ್ಕರು. ಆಮೇಲೆ ಅಪ್ಪನ ಪಕ್ಷದ ಬದಿಯಿಂದಲೇ ಒಬ್ಬ ಹಿರಿಯರು ಎದ್ದು, ಮಾನ್ಯ ಸದಸ್ಯರು ಕೇಳುವುದರಲ್ಲಿ ನ್ಯಾಯವಿದೆ ಎಂದರು. ಅಮ್ಮ ಇದೆಲ್ಲವನ್ನೂ ಎಷ್ಟು ಅರ್ಥ ಮಾಡಿಕೊಂಡರೋ ಗೊತ್ತಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಅಪ್ಪನ ಜಾಗವನ್ನು ಬಿಟ್ಟು, ಎದುರು ಬದಿಯ ಹಿಂದಿನ ಸಾಲನ್ನೇ ನೋಡುತ್ತಿದ್ದರು. ಸಂಜೆ ಶಾಸಕರ ಭವನದ ಆ ಕೋಣೆಯನ್ನು ನೋಡಬಹುದು, ಈಗ ಇರುವವರಿಗೆ ಹೇಳಿಟ್ಟಿದ್ದೇನೆ ಎಂದು ಅವರು ಹೇಳಿದಾಗ, ಅಮ್ಮ ಬೇಡ ಎಂದರು. ನೋಡಬೇಕಾದ್ದನ್ನು ನೋಡಿ ಆಯಿತು ಎಂದರು.

ಆಸ್ಪತ್ರೆ ಮಂಜೂರಾಯಿತು. ಒಂದೇ ಒಂದು. ಎಲ್ಲಿ ಕಟ್ಟಬೇಕೆಂಬುದಕ್ಕೆ ಶಾಸಕರ ಮಾತು ನಡೆಯುತ್ತಿತ್ತು. ಇಲ್ಲಿಂದ ಅವರ ಕಷ್ಟ ಶುರುವಾಯಿತು. ಅಳದಂಗಡಿ ಬದಿಯವರು ಅವರನ್ನು ಕರೆಸಿದರು. ನನ್ನ ಗಂಡನ ಊರು ಅದೇ ಬದಿ. ಆಗಿನ್ನೂ ನಮ್ಮ ಮದುವೆ ಆಗಿರಲಿಲ್ಲ. ಗಂಡನೂ ಆ ಸಭೆಗೆ ಹೋಗಿದ್ದರಂತೆ. ಶಾಲೆಯ ಹಾಲ್ ತುಂಬ ಜನ. ನಿಮ್ಮನ್ನು ಗೆಲ್ಲಿಸಿದ್ದು ನಾವು, ಗುಡ್ಡದವರು ನಿಮ್ಮ ಎದುರು ವೋಟು ಹಾಕಿದವರು, ನಮ್ಮಲ್ಲಿ ಹೆಂಗಸರು ಹೆರುವುದಿಲ್ಲವೇ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪು ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಅವರು ಹೇಳಿದ್ದು ಇಷ್ಟು. “ನಿಮಗೂ ಬೇಕು, ಇಲ್ಲ ಅಂತ ಹೇಳುವುದಿಲ್ಲ. ಅದನ್ನು ಬೇರೆ ಕೇಳ್ತೇನೆ. ಆದರೆ ಇದು ಆ ಊರಿನ ಹೆಸರು ಹೇಳಿ ಕೇಳಿದ್ದು. ಸತ್ತವರು ಕೇಳಿದ್ದನ್ನು ನಾನು ನಡುದಾರಿಯಲ್ಲಿ ಬೇರೆ ಕಡೆಗೆ ತಿರುಗಿಸಲಿಕ್ಕೆ ಆಗುವುದಿಲ್ಲ. ಅದಕ್ಕೆ ನೀವು ನನ್ನನ್ನು ಸೋಲಿಸಿದರೆ ನನಗೆ ಬೇಜಾರಿಲ್ಲ.”

ಸೋಲಿಸಿದರು. ಎರಡನೆಯದನ್ನು ಕೇಳಲು ಅವರಿಗೆ ಕಾಲವೇ ಉಳಿಯಲಿಲ್ಲ. ಸಾರ್ವತ್ರಿಕ ಚುನಾವಣೆ ಬರುವಾಗ ನಮ್ಮ ಪದವಿನಲ್ಲಿ ಗೋಡೆ ಎದ್ದು ಹಂಚು ಹೊದೆಸಿಯಾಗಿತ್ತು. ನಮ್ಮ ಹಳ್ಳಿಗಳು ಆ ಸಲ ಪೂರ್ತಿ ಅವರ ಕಡೆಗೆ ನಿಂತವು. ಅದು ಸಾಕಾಗಲಿಲ್ಲ. ಬೇರೆಯೇ ಒಬ್ಬರು ಗೆದ್ದರು. ಫಲಿತಾಂಶದ ಮಾರನೆಯ ದಿನ ಅಮ್ಮ, ನಾನು ಬಂಟ್ವಾಳದ ಅವರ ಮನೆಗೆ ಹೋದೆವು. ಅಮ್ಮ ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದರು. ಅಲ್ಲಿ ಹೋಗಿ ಅತ್ತುಬಿಟ್ಟರು. ಅವರು ತಮ್ಮ ಹೆಂಡತಿಯನ್ನು ಕರೆದು ಕಾಫಿ ಮಾಡಲು ಹೇಳಿ, ಸತ್ತ ಮನೆಗೆ ಬಂದ ಹಾಗೆ ಮಾಡಬೇಡಿ ಅಕ್ಕ, ನನಗೆ ಸಿಕ್ಕಿದ್ದೇ ಬೇರೆಯವರ ಅವಧಿ, ಅದು ಮುಗಿಯಿತು ಎಂದರು. ಹೇಳುವಾಗ ಅವರ ಮುಖವೂ ಗೆಲುವಾಗಿರಲಿಲ್ಲ. ಸೋತದ್ದು ಅವರಿಗೆ ನೋವಾಗಿತ್ತು.

ಆಸ್ಪತ್ರೆಗೆ ಒಬ್ಬ ಲೇಡಿ ಡಾಕ್ಟರನ್ನು ಹಾಕಿದರು. ಪದವಿನಲ್ಲಿ ಅವರಿಗೆ ಉಳಿಯಲು ಮನೆ ಇರಲಿಲ್ಲ. ಬಂಟ್ವಾಳದಲ್ಲಿ ಮನೆ ಮಾಡಿದ್ದರು. ಬಸ್ಸು ಬರುತ್ತಿದ್ದದ್ದು ವಾಮದಪದವಿನವರೆಗೆ. ಅಲ್ಲಿಂದ ಮುಂದೆ ಬಿಸಿಲಲ್ಲಿ, ಮಳೆಯಲ್ಲಿ ನಡೆಯಬೇಕು. ಕೆಲವೇ ದಿನಗಳಲ್ಲಿ ಅವರು ವರ್ಗಕ್ಕೆ ಬರೆದುಕೊಂಡಿದ್ದಾರೆಂಬ ಸುದ್ದಿ ಬಂತು. ಆಗ ಆಚೆಯವರು ಶಾಸಕರೂ ಅಲ್ಲ, ಯಾರೂ ಅಲ್ಲ. ಕಚೇರಿಗಳಿಗೆ ಅಲೆದು ಪರ್ಮಿಟ್ಟು ತಂದು, ತಮ್ಮ ಒಂದು ಬಸ್ಸನ್ನು ಬೆಳಿಗ್ಗೆ, ಸಂಜೆ ಆಸ್ಪತ್ರೆಯ ಬಾಗಿಲವರೆಗೆ ಓಡಿಸಿದರು. ಆ ಕೊನೆಯ ದಾರಿಯಲ್ಲಿ ಹೆಚ್ಚಿನ ದಿನ ಬಸ್ಸಿನೊಳಗೆ ಡಾಕ್ಟರಮ್ಮ ಒಬ್ಬರೇ. ನಷ್ಟವೆಂದು ಧಣಿಗಳ ಮಕ್ಕಳು ಗೊಣಗಿದರಂತೆ. ಗಾಡಿ ನನ್ನದು, ಗೊಣಗುವುದಾದರೆ ಇನ್ನೊಂದು ಗಾಡಿಯ ಬಗ್ಗೆ ಗೊಣಗಿ ಎಂದರಂತೆ. ಡಾಕ್ಟರಮ್ಮ ವರ್ಗದ ಮಾತು ಬಿಟ್ಟರು.

ಮದುವೆಯಾಗಿ ಅಳದಂಗಡಿಗೆ ಹೋದ ನಾನು ಮೊದಲ ಹೆರಿಗೆಗೆ ಅಮ್ಮನ ಮನೆಗೆ ಬಂದಿದ್ದೆ. ನೋವು ಶುರುವಾದದ್ದು ಬೆಳಿಗ್ಗೆ. ಅಮ್ಮ ನನ್ನನ್ನು ಪದವಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆಯಾದರೂ ಹೆರಿಗೆ ಆಗಲಿಲ್ಲ. ಮಗು ತಿರುಗಿ ನಿಂತಿತ್ತು. ಬಸ್ಸು ಬಂದು ಆಸ್ಪತ್ರೆಯ ಅಂಗಳದಲ್ಲಿ ನಿಂತ ಸದ್ದು ನನಗೆ ಕೇಳಿಸಿತು. ಡಾಕ್ಟರಮ್ಮ ಒಂದು ಸಲ ಕಿಟಕಿಯ ಕಡೆ ನೋಡಿದರು. ಅದು ಕೊನೆಯ ಬಸ್ಸು, ಅವರ ಮನೆಯಲ್ಲಿ ಸಣ್ಣ ಮಗು ಇತ್ತು. ಅವರು ಹೊರಟುಬಿಡುತ್ತಾರೆ, ನಾನು ಇಲ್ಲೇ ಹೋಗುತ್ತೇನೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು.

ಆಮೇಲೆ ನಡೆದದ್ದನ್ನು ಅಮ್ಮ ಹೇಳಿ ನನಗೆ ಗೊತ್ತು. ಆ ದಿನ ಡ್ರೈವರು ರಜೆ, ಆಚೆಯವರೇ ಬಸ್ಸು ತಂದಿದ್ದರು. ಅಮ್ಮ ಜಗಲಿಗೆ ಹೋಗಿ ವಿಷಯ ಹೇಳಿದಾಗ ಬಸ್ಸಿನಲ್ಲಿ ಆಚೆ ಹಳ್ಳಿಯಿಂದ ಪೇಟೆಗೆ ಹೋಗುವವರು ಏಳೆಂಟು ಮಂದಿ ಹತ್ತಿ ಕೂತಿದ್ದರು. ಆಚೆಯವರು ತಲೆ ಆಡಿಸಿ ಇಳಿದು, ಬಾನೆಟ್ ತೆಗೆದು, ಏನೋ ಕೆಟ್ಟಿದೆ, ಸ್ವಲ್ಪ ಹೊತ್ತು ಆಗ್ತದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಪಂಚೆ ಎತ್ತಿ ಕಟ್ಟಿ ಗಾಡಿಯ ಅಡಿಗೆ ತೂರಿದರು. ಒಂದು ನಟ್ಟನ್ನು ಬಿಚ್ಚುವುದು, ಮತ್ತೆ ಹಾಕುವುದು. ಹೊತ್ತು ಮುಳುಗುತ್ತ ಬಂತು. ಕೂತವರು ಬೇಸರದಿಂದ ಇಳಿದು, ಬೀಡಿ ಸೇದಿ, ಧಣಿಗಳ ಗಾಡಿ ಹಳತಾಯಿತು ಎಂದು ಮಾತಾಡಿಕೊಂಡರು. ಒಬ್ಬ ಸಹಾಯಕ್ಕೆಂದು ಬಗ್ಗಿದಾಗ ಅವನಿಗೂ ಬೈದು ಕಳಿಸಿದರಂತೆ.

ಮಗು ಅತ್ತದ್ದು ದೀಪ ಹಚ್ಚುವ ಹೊತ್ತಿಗೆ. ಹೆಣ್ಣು. ಅಮ್ಮ ಅದನ್ನು ತೊಳೆದು, ತನ್ನ ಹಳೆಯ ಬಿಳಿ ಸೀರೆಯ ತುಂಡಿನಲ್ಲಿ ಸುತ್ತಿ, ನನ್ನ ಹತ್ತಿರ ಮಲಗಿಸುವ ಮೊದಲು ಎತ್ತಿಕೊಂಡು ಹೊರಗೆ ಹೋದರು. ಬಾಗಿಲು ತೆರೆದೇ ಇತ್ತು, ಮಲಗಿದಲ್ಲಿಂದ ನನಗೆ ಕಾಣುತ್ತಿತ್ತು. ಅವರು ಬಸ್ಸಿನ ಅಡಿಯಿಂದ ಎದ್ದು ಬಂದು ಮೆಟ್ಟಿಲ ಕೆಳಗೆ ನಿಂತಿದ್ದರು.

ಅಮ್ಮ ಮಗುವನ್ನು ಅವರ ಕಡೆಗೆ ನೀಡಿದರು. ಅವರು ಹಿಂದೆ ಸರಿದರು.

“ಕೈಯೆಲ್ಲ ಗ್ರೀಸು ಅಕ್ಕ.”

“ಇರಲಿ. ಹಿಡ್ಕೊಳ್ಳಿ” ಎಂದರು ಅಮ್ಮ.

ಅವರು ಕೈಯನ್ನು ಅಂಗಿಗೆ ಉಜ್ಜಿ ಮಗುವನ್ನು ತೆಗೆದುಕೊಂಡರು. ಅಷ್ಟು ದೊಡ್ಡ ಬಸ್ಸನ್ನು ಒಂದೇ ಕೈಯಲ್ಲಿ ತಿರುಗಿಸುವವರು, ಉಸಿರು ಬಿಗಿಹಿಡಿದು ನಿಂತಿದ್ದರು. ಆಮೇಲೆ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಬಸ್ಸು ಹತ್ತಿದರು. ಬಾನೆಟ್ ಮುಚ್ಚಿ ಸ್ಟಾರ್ಟ್ ಮಾಡಿದಾಗ ಗಾಡಿ ಒಂದೇ ಸಲಕ್ಕೆ ಹೊರಟಿತು. ಕೂತಿದ್ದವರಿಗೆ ಆಗ ಗೊತ್ತಾಯಿತಂತೆ. 

ಮಗುವನ್ನು ಸುತ್ತಿದ್ದ ಆ ಬಿಳಿ ಬಟ್ಟೆಯ ಮೇಲೆ ಅವರ ಬೆರಳುಗಳ ಕಪ್ಪು ಕಲೆ ಉಳಿಯಿತು. ಅಮ್ಮ ಸೀಗೆ ಹಾಕಿದರು, ಸೋಪು ಹಾಕಿ ಉಜ್ಜಿದರು, ಹೋಗಲಿಲ್ಲ. ಹಾಗೆಯೇ ಒಣಗಿಸಿ, ಮಡಚಿ ಇಟ್ಟರು. ನನ್ನ ಎರಡನೆಯ ಮಗು ಅದೇ ಆಸ್ಪತ್ರೆಯಲ್ಲಿ ಹುಟ್ಟಿದಾಗ, ಹೊಸ ಬಟ್ಟೆ ಎಷ್ಟೋ ಇದ್ದರೂ, ಪೆಟ್ಟಿಗೆಯಿಂದ ಆ ಬಟ್ಟೆಯನ್ನೇ ತೆಗೆದು ತಂದು ಸುತ್ತಿದರು.